ಟ್ರಾಕ್ಷನ್ ಡ್ರೈವ್ ಟೆಸ್ಟ್ ಮಾಡುವುದು ಹೇಗೆ: ಎಫಿಶಿಯೆನ್ಸಿ ಒಂದು ನಂಬರ್ ಅಲ್ಲ, ಎರಡು

ಟ್ರಾಕ್ಷನ್ ಡ್ರೈವ್ ಅಂದರೆ ಹಲ್ಲಿಲ್ಲದ ಉಕ್ಕಿನ ಡಿಸ್ಕು, ರೋಲರು ಒಂದನ್ನೊಂದು ಒತ್ತಿಕೊಂಡು ಉರುಳಿ ಪವರ್ ದಾಟಿಸುವ ಯಂತ್ರ. ಅದರ ಎಫಿಶಿಯೆನ್ಸಿ (ಕೊಟ್ಟ ಪವರಿನಲ್ಲಿ ಹೊರಗೆ ಬರುವ ಪಾಲು) ಎಷ್ಟು ಅಂತ ಯಾರಾದರೂ ಕೇಳಿದರೆ ನಾನು ಎರಡು ನಂಬರ್ ಹೇಳುತ್ತೇನೆ. ವೇಗದ್ದು ಒಂದು, ಟಾರ್ಕಿನದು, ಅಂದರೆ ತಿರುಗಿಸುವ ಬಲದ್ದು, ಒಂದು. ಎರಡನ್ನೂ ಗುಣಿಸಿದರೆ ಅವರಿಗೆ ಬೇಕಾದ ನಂಬರ್ ಬರುತ್ತದೆ, ನಿಜ. ಆದರೆ ಗುಣಿಸಿಬಿಟ್ಟ ಮೇಲೆ ಡ್ರೈವ್ ಒಳಗೆ ಏನು ನಡೀತಿದೆ ಅನ್ನುವುದು ಕಾಣುವುದಿಲ್ಲ. 93 ಪರ್ಸೆಂಟ್ ತೋರಿಸಿದ ಎರಡು ಡ್ರೈವ್‌ಗಳಲ್ಲಿ ಒಂದು ವರ್ಷಗಟ್ಟಲೆ ಓಡಬಹುದು. ಇನ್ನೊಂದು ಜಾರುವ ಅಂಚಿಗೆ ಬಂದು ನಿಂತಿರಬಹುದು. ರಿಪೋರ್ಟಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ತುಮಕೂರಿನ ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ನನ್ನದೊಂದು ಸಣ್ಣ ಟೆಸ್ಟಿಂಗ್ ಶೆಡ್ ಇದೆ. ಜಾಸ್ತಿ ಬರುವುದು ಗೇರ್‌ಬಾಕ್ಸ್, ಕ್ಲಚ್, ಪಂಪು. ಆಗೊಮ್ಮೆ ಈಗೊಮ್ಮೆ ಒಂದು ರೋಲರ್ ಡ್ರೈವ್, ಒಂದು ಟೊರಾಯ್ಡಲ್ ವೇರಿಯೇಟರ್ (ರೋಲರನ್ನು ಓರೆ ಮಾಡಿ ವೇಗದ ಅನುಪಾತ ಬದಲಾಯಿಸುವ ಟ್ರಾಕ್ಷನ್ ಡ್ರೈವ್) ಬರುತ್ತದೆ. ಕಾಲೇಜು ಹುಡುಗರು ಪ್ರಾಜೆಕ್ಟಿಗೆ ಅಂತ ಮಾಡಿಸಿಕೊಂಡು ತರುವುದೂ ಉಂಟು. ಗೇರ್‌ಬಾಕ್ಸ್ ಟೆಸ್ಟ್ ಮಾಡಿದ ಅಭ್ಯಾಸದಲ್ಲೇ ಇದನ್ನೂ ಟೆಸ್ಟ್ ಮಾಡಲು ಹೊರಟರೆ ಲೆಕ್ಕ ತಲೆಕೆಳಗಾಗುತ್ತದೆ. ಎಲ್ಲಿ, ಯಾಕೆ ಅನ್ನುವುದನ್ನು ಬಿಡಿಸಿ ಬರೆಯುತ್ತೇನೆ.

ಮೊದಲು ಒಂದು ಗೊಂದಲ ಕಳೆಯೋಣ. ಸ್ಕೂಟರಿನ ವೇರಿಯೇಟರ್ ಟ್ರಾಕ್ಷನ್ ಡ್ರೈವ್ ಅಲ್ಲ. ಅಲ್ಲಿರುವುದು ಒಣ ರಬ್ಬರ್ ಬೆಲ್ಟು, ಬರೀ ಘರ್ಷಣೆ. ಟ್ರಾಕ್ಷನ್ ಡ್ರೈವ್‌ನಲ್ಲಿ ನುಣ್ಣಗೆ ಪಾಲಿಶ್ ಮಾಡಿದ ಉಕ್ಕಿನ ಡಿಸ್ಕು, ರೋಲರು ಒಂದನ್ನೊಂದು ಒತ್ತಿಕೊಂಡು ಉರುಳುತ್ತವೆ. ಹಲ್ಲು ಇಲ್ಲ. ನಡುವೆ ಎಣ್ಣೆಯ ಪದರ ಇರುತ್ತದೆ, ಒಂದು ಮೈಕ್ರಾನ್‌ಗಿಂತ ತೆಳ್ಳಗೆ. ಒತ್ತಡ 1ರಿಂದ 3 ಗಿಗಾಪಾಸ್ಕಲ್. 1 ಗಿಗಾಪಾಸ್ಕಲ್ ಅಂದರೆ ಸುಮಾರು 10,000 ವಾತಾವರಣದ ಒತ್ತಡ. ಅಷ್ಟು ಒತ್ತಿದಾಗ ಎಣ್ಣೆ ಎಣ್ಣೆಯಾಗಿ ಉಳಿಯುವುದಿಲ್ಲ. ತಣ್ಣಗಾದ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗುತ್ತದೆ, ಆ ಕ್ಷಣಕ್ಕೆ ಮಾತ್ರ. ಆ ಗಟ್ಟಿ ಎಣ್ಣೆಯೇ ಟಾರ್ಕ್ ದಾಟಿಸುವುದು. ಐಡಿಯಾ ಹಳೆಯದು. ಚಾರ್ಲ್ಸ್ ಹಂಟ್ ಅನ್ನುವವರು ಟೊರಾಯ್ಡಲ್ ಡ್ರೈವ್‌ಗೆ ಅಮೆರಿಕದಲ್ಲಿ ಪೇಟೆಂಟ್ ತೆಗೆದುಕೊಂಡಿದ್ದು 1877ರಲ್ಲಿ. ನಿಸ್ಸಾನ್ ಅದನ್ನು ಕಾರಿಗೆ ಹಾಕಿ ಮಾರಿದ್ದು 1999ರಲ್ಲಿ. ನಡುವಿನ ಕಾಲದಲ್ಲಿ ಬೇರಿಂಗ್ ಉಕ್ಕು ಸುಧಾರಿಸಿತು, ಎಣ್ಣೆಯೂ ಸುಧಾರಿಸಿತು.

ಎಣ್ಣೆಯ ಪದರ ಟಾರ್ಕ್ ದಾಟಿಸಬೇಕಾದರೆ ಸ್ವಲ್ಪ ಹಿಂದೆ ಬೀಳಲೇಬೇಕು. ಔಟ್‌ಪುಟ್ ವೇಗ ಲೆಕ್ಕಕ್ಕಿಂತ ಒಂದೆರಡು ಪರ್ಸೆಂಟ್ ಕಮ್ಮಿ ಬರುತ್ತದೆ. ಇದನ್ನು ಕ್ರೀಪ್ ಅನ್ನುತ್ತೇವೆ. ಕ್ರೀಪ್ ಇಲ್ಲದೆ ಟಾರ್ಕ್ ಇಲ್ಲ. ಗೇರ್‌ಬಾಕ್ಸ್‌ನಲ್ಲಿ ಹಲ್ಲು ಎಣಿಸಿದರೆ ರೇಶಿಯೋ (ಇನ್‌ಪುಟ್, ಔಟ್‌ಪುಟ್ ವೇಗಗಳ ಅನುಪಾತ) ಸಿಕ್ಕಿತು, ವೇಗದ ನಷ್ಟ ಅನ್ನುವ ಮಾತೇ ಇಲ್ಲ. ಇಲ್ಲಿ ರೇಶಿಯೋವನ್ನೂ ಅಳೆಯಬೇಕು. ವ್ಯತ್ಯಾಸ ಶುರುವಾಗುವುದೇ ಇಲ್ಲಿಂದ.

ಬೆಂಚ್ ಮೇಲೆ ಏನೇನು ಬೇಕು

ಇನ್‌ಪುಟ್ ಕಡೆ ವಿಎಫ್‌ಡಿ (ಮೋಟರಿನ ವೇಗ ಹೆಚ್ಚು ಕಮ್ಮಿ ಮಾಡುವ ಕಂಟ್ರೋಲರ್) ಇರುವ ಮೋಟರ್. ಅದಾದ ಮೇಲೆ ಟಾರ್ಕ್ ಟ್ರಾನ್ಸ್‌ಡ್ಯೂಸರ್, ಅಂದರೆ ಟಾರ್ಕ್ ಅಳೆಯುವ ಸೆನ್ಸರ್, ಆಮೇಲೆ ನಿಮ್ಮ ಡ್ರೈವ್, ಆಮೇಲೆ ಇನ್ನೊಂದು ಟ್ರಾನ್ಸ್‌ಡ್ಯೂಸರ್, ಕೊನೆಗೆ ಶಾಫ್ಟನ್ನು ತಡೆದು ಹಿಡಿಯುವ ಲೋಡ್. ನಾನು ಬಳಸುವ ಮೋಟರ್ 7.5 ಕಿಲೋವಾಟಿನದು, ಹತ್ತು ಎಚ್‌ಪಿ. ಲೋಡಿಗೆ ಪೌಡರ್ ಬ್ರೇಕ್ ಆಗಬಹುದು, ಎಡ್ಡಿ ಕರೆಂಟ್ ಡೈನಮೋಮೀಟರ್ ಆಗಬಹುದು. ಎಡ್ಡಿ ಕರೆಂಟಿನದು ಕಮ್ಮಿ ವೇಗದಲ್ಲಿ ಟಾರ್ಕ್ ಹಿಡಿಯುವುದಿಲ್ಲ. ಪೌಡರ್ ಬ್ರೇಕ್ ಬೇಗ ಬಿಸಿಯಾಗುತ್ತದೆ. ನನಗೆ ಇಷ್ಟವಾದ ದಾರಿ ಅಂದರೆ ಇನ್ನೊಂದು ಮೋಟರನ್ನೇ ಲೋಡಾಗಿ ಕೂರಿಸಿ, ಎರಡು ವಿಎಫ್‌ಡಿಗಳ ಡಿಸಿ ಬಸ್ (ಒಳಗಿನ ಡಿಸಿ ಕರೆಂಟಿನ ಲೈನು) ಒಂದೇ ಮಾಡುವುದು. ಲೋಡ್ ಮೋಟರ್ ಜನರೇಟರ್ ಆಗಿ ಕೆಲಸ ಮಾಡಿ ಕರೆಂಟ್ ವಾಪಸ್ ಕೊಡುತ್ತದೆ. ಮೀಟರಿನಲ್ಲಿ ಬರೀ ನಷ್ಟದಷ್ಟು ಓಡುತ್ತದೆ. ದಿನವಿಡೀ ಓಡಿಸುವ ಟೆಸ್ಟಿನಲ್ಲಿ ಬಿಲ್ಲಿನ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಕಾಲೇಜು ಲ್ಯಾಬಿನ ರೋಪ್ ಬ್ರೇಕ್, ಸ್ಪ್ರಿಂಗ್ ಬ್ಯಾಲೆನ್ಸ್ ಸಾಲದೇ ಅಂತ ಹುಡುಗರು ಕೇಳುತ್ತಾರೆ. ಸಾಲದು. ಮುಳ್ಳು ಅಲ್ಲಾಡುವುದೇ ಎರಡು ಮೂರು ಪರ್ಸೆಂಟ್. ಹುಡುಕುತ್ತಿರುವ ನಷ್ಟ ಐದಾರು ಪರ್ಸೆಂಟ್. ಏನು ಸಿಗುತ್ತೆ ಹೇಳಿ?

ಶಾಫ್ಟ್‌ಗಳನ್ನು ಡಯಲ್ ಗೇಜ್ ಇಟ್ಟು ಸೆಂಟರ್ ಮಾಡಿ. ನಾನು 0.05 ಮಿಲಿಮೀಟರ್ ಒಳಗೆ ತರುತ್ತೇನೆ. ನನಗೆ ಕೆಲಸ ಕಲಿಸಿದ ಯಜಮಾನರು ಇಲ್ಲಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿದ್ದವರು. ಅವರಿಗೆ ಅದೂ ಒರಟು ಕೆಲಸವೇ. ಟ್ರಾನ್ಸ್‌ಡ್ಯೂಸರಿನ ಎರಡೂ ಕಡೆ ಡಿಸ್ಕ್ ಕಪ್ಲಿಂಗ್ ಹಾಕಿ. ರಬ್ಬರ್ ಸ್ಪೈಡರ್ ಕಪ್ಲಿಂಗ್ ಅಗ್ಗ, ಆದರೆ ಬಿಸಿಯಾದಾಗ ಅದೇ ಒಂದು ನಷ್ಟ. ಟ್ರಾನ್ಸ್‌ಡ್ಯೂಸರ್ ಕೇಬಲ್ಲನ್ನು ವಿಎಫ್‌ಡಿ ಕೇಬಲ್ಲಿನ ಜೊತೆ ಒಂದೇ ಟ್ರೇನಲ್ಲಿ ಎಳೆಯಬೇಡಿ. ಎಳೆದರೆ ರೀಡಿಂಗ್ ಕುಣಿಯುತ್ತದೆ.

ಗಾರ್ಡ್ ಬಗ್ಗೆ ಎರಡು ಮಾತು ಸಾಕು. ಒತ್ತಡದಲ್ಲಿರುವ ಗಟ್ಟಿ ಉಕ್ಕಿನ ಡಿಸ್ಕು ಒಡೆದರೆ ಚೂರು ಹೊರಗೆ ಹಾರುತ್ತದೆ. ಉಕ್ಕಿನ ತಗಡಿನ ಗಾರ್ಡ್ ಹಾಕದೆ ಮೋಟರ್ ಆನ್ ಮಾಡಬೇಡಿ.

ಟಾರ್ಕ್: ಸೊನ್ನೆಯಿಂದ ಶುರು

ಟ್ರಾನ್ಸ್‌ಡ್ಯೂಸರ್ ಡಬ್ಬದ ಮೇಲೆ 0.2 ಪರ್ಸೆಂಟ್ ಅಂತ ಬರೆದಿರುತ್ತದೆ. ಓದಿ ಖುಷಿಯಾಗುತ್ತದೆ. ಅದು ಫುಲ್ ಸ್ಕೇಲಿನ, ಅಂದರೆ ಅದು ಅಳೆಯಬಲ್ಲ ಗರಿಷ್ಠ ಟಾರ್ಕಿನ, 0.2 ಪರ್ಸೆಂಟ್. 100 ನ್ಯೂಟನ್ ಮೀಟರಿನ ಟ್ರಾನ್ಸ್‌ಡ್ಯೂಸರ್ ಆದರೆ 0.2 ನ್ಯೂಟನ್ ಮೀಟರ್. ನೀವು 40ರಲ್ಲಿ ಅಳೆದರೆ ಅದು ಅರ್ಧ ಪರ್ಸೆಂಟ್. 10ರಲ್ಲಿ ಅಳೆದರೆ 2 ಪರ್ಸೆಂಟ್. ಔಟ್‌ಪುಟ್ ಕಡೆಯದೂ ಅಷ್ಟೇ ತಪ್ಪು, ಅದೂ ಎದುರು ದಿಕ್ಕಿನಲ್ಲಿ ತೋರಿಸಿತು ಅಂದುಕೊಳ್ಳಿ. 10 ನ್ಯೂಟನ್ ಮೀಟರಿನಲ್ಲಿ 97 ಪರ್ಸೆಂಟ್ ಇರುವುದು 101 ಅಂತ ಬರಬಹುದು, 93 ಅಂತಲೂ ಬರಬಹುದು. ಆದ್ದರಿಂದ ರೇಂಜ್ ನೋಡಿ ಟ್ರಾನ್ಸ್‌ಡ್ಯೂಸರ್ ಆರಿಸಿ. ದೊಡ್ಡದಿದ್ದರೆ ಸೇಫು ಅಂತ ದೊಡ್ಡದನ್ನೇ ತರಬೇಡಿ.

ಆನ್ ಮಾಡಿದ ಮೇಲೆ ಅರ್ಧ ಗಂಟೆ ಹಾಗೇ ಬಿಡಿ. ಎಲೆಕ್ಟ್ರಾನಿಕ್ಸ್ ಬಿಸಿಯಾಗಿ ನೆಲೆ ನಿಲ್ಲಬೇಕು. ಆಮೇಲೆ ಸೊನ್ನೆ ತೆಗೆದುಕೊಳ್ಳಿ. ಇದರಲ್ಲಿ ಒಂದು ಸೂಕ್ಷ್ಮ ಇದೆ. ಮಷೀನ್ ನಿಂತಾಗ ಸೀಲು, ಬೇರಿಂಗ್ ಶಾಫ್ಟನ್ನು ಕಚ್ಚಿಕೊಂಡು ಒಂದಿಷ್ಟು ಟಾರ್ಕನ್ನು ಹಿಡಿದಿಟ್ಟಿರುತ್ತವೆ. ಆಗ ಟೇರ್ (ಸೊನ್ನೆ ಮಾಡುವ ಬಟನ್) ಒತ್ತಿದರೆ ಆ ಟಾರ್ಕೇ ನಿಮ್ಮ ಸೊನ್ನೆ. ಒಂದು ಕಡೆಯ ಕಪ್ಲಿಂಗ್ ಬಿಚ್ಚಿ ಸೊನ್ನೆ ಮಾಡಿ. ಬಿಚ್ಚಲು ಆಗದಿದ್ದರೆ ಶಾಫ್ಟನ್ನು ನಿಧಾನವಾಗಿ ಒಂದು ದಿಕ್ಕಿಗೆ ತಿರುಗಿಸಿ ರೀಡಿಂಗ್ ತೆಗೆದುಕೊಳ್ಳಿ, ಎದುರು ದಿಕ್ಕಿಗೆ ತಿರುಗಿಸಿ ಇನ್ನೊಂದು. ಎರಡರ ನಡುವಿನದು ಸೊನ್ನೆ. ಟೆಸ್ಟ್ ಮುಗಿದ ಮೇಲೆ ಮತ್ತೆ ಸೊನ್ನೆ ನೋಡಿ. ಸರಿದಿದ್ದರೆ ಎಷ್ಟು ಸರಿದಿದೆ ಅಂತ ಬರೆಯಿರಿ.

ಕ್ಯಾಲಿಬ್ರೇಶನ್ ತೋಳು ಮತ್ತು ತೂಕದ ಕೆಲಸ. ಅರ್ಧ ಮೀಟರಿನ ತೋಳು, ಸೀಲ್ ಹಾಕಿದ ತೂಕದ ಬಟ್ಟು. ತೋಳು ಸ್ಪಿರಿಟ್ ಲೆವೆಲ್ಲಿಗೆ ಸಮ ಇರಬೇಕು. ಎರಡು ಡಿಗ್ರಿ ಓರೆಯಾದರೂ ತಪ್ಪು 0.06 ಪರ್ಸೆಂಟ್ ಅಷ್ಟೇ, ತಲೆ ಕೆಡಿಸಿಕೊಳ್ಳಬೇಡಿ. ಜನ ಮರೆಯುವುದು ಬೇರೆಯೇ ಒಂದನ್ನು. 10 ಕೆಜಿ, ಅರ್ಧ ಮೀಟರ್ ಅಂದ ತಕ್ಷಣ 49.05 ನ್ಯೂಟನ್ ಮೀಟರ್ ಅಂತ ಬರೆದುಬಿಡುತ್ತಾರೆ. ಪಠ್ಯಪುಸ್ತಕದ 9.81 ಹಾಕಿ ಮಾಡಿದ ಲೆಕ್ಕ ಅದು. ತುಮಕೂರು ಸಮಭಾಜಕಕ್ಕೆ ಹತ್ತಿರ, ಸಮುದ್ರಮಟ್ಟದಿಂದ ಎಂಟುನೂರು ಮೀಟರಿಗೂ ಮೇಲೆ. ಇಲ್ಲಿ ಗುರುತ್ವ 9.78. ಕೋಲಾರ, ಚಿಕ್ಕಬಳ್ಳಾಪುರದಲ್ಲೂ ಅಷ್ಟೇ. ಅದೇ ತೂಕ, ಅದೇ ತೋಳು, ಇಲ್ಲಿ ಕೊಡುವುದು 48.90. ವ್ಯತ್ಯಾಸ 0.3 ಪರ್ಸೆಂಟ್. ನಿಮ್ಮ ಟ್ರಾನ್ಸ್‌ಡ್ಯೂಸರಿನ 0.2ಕ್ಕಿಂತ ಜಾಸ್ತಿ! ಎರಡೂ ಟ್ರಾನ್ಸ್‌ಡ್ಯೂಸರನ್ನು ಇಲ್ಲೇ, ಇದೇ ತೂಕದಿಂದ ಕ್ಯಾಲಿಬ್ರೇಟ್ ಮಾಡಿದರೆ ಎಫಿಶಿಯೆನ್ಸಿಯಲ್ಲಿ ಈ ತಪ್ಪು ವಜಾ ಆಗುತ್ತದೆ. ಒಂದು ಹೊರಗಡೆ ಕ್ಯಾಲಿಬ್ರೇಟ್ ಆಗಿ ಬಂದಿದ್ದು, ಇನ್ನೊಂದನ್ನು ಇಲ್ಲಿ 9.81 ಹಾಕಿ ಮಾಡಿದರೆ ಮಾತ್ರ ವಜಾ ಆಗುವುದಿಲ್ಲ. ನಷ್ಟದ ಅಂಕಿಯಲ್ಲಿ ನೇರವಾಗಿ ಬಂದು ಕೂರುತ್ತದೆ.

ತೂಕವನ್ನು ಒಂದೊಂದಾಗಿ ಏರಿಸಿ, ಒಂದೊಂದಾಗಿ ಇಳಿಸಿ. ಏರುವಾಗಿನ ರೀಡಿಂಗೂ ಇಳಿಯುವಾಗಿನ ರೀಡಿಂಗೂ ಹೊಂದದಿದ್ದರೆ ಕಪ್ಲಿಂಗ್ ಎಲ್ಲೋ ಹಿಡಿಯುತ್ತಿದೆ ಅಂತ ಅರ್ಥ. ರೇಶಿಯೋ 1:1 ಇರುವ ಟೆಸ್ಟ್ ಆದರೆ ಇನ್ನೊಂದು ಉಪಾಯ ಇದೆ. ಒಮ್ಮೆ ಟೆಸ್ಟ್ ಮಾಡಿ, ಎರಡು ಟ್ರಾನ್ಸ್‌ಡ್ಯೂಸರನ್ನು ಅದಲು ಬದಲು ಮಾಡಿ ಮತ್ತೆ ಅದೇ ಟೆಸ್ಟ್ ಮಾಡಿ, ಸರಾಸರಿ ತೆಗೆಯಿರಿ. ಎರಡರ ನಡುವಿನ ಕ್ಯಾಲಿಬ್ರೇಶನ್ ವ್ಯತ್ಯಾಸ ಬಹುಮಟ್ಟಿಗೆ ಹೋಗುತ್ತದೆ. ಬಿಚ್ಚಿ ಕಟ್ಟುವ ಕೆಲಸ ಬೇಜಾರಿನದು, ಆದರೆ ಒಳ್ಳೆ ಫಲ ಕೊಡುತ್ತದೆ.

ವೇಗ: ಎಣಿಸಿ, ಅಂದಾಜು ಬೇಡ

ಟಾರ್ಕಿಗೆ ಸಾವಿರಾರು ರೂಪಾಯಿ ಸುರಿದು ವೇಗಕ್ಕೆ ಒಂದು ಪ್ರಾಕ್ಸಿಮಿಟಿ ಸೆನ್ಸರ್ ಅಂಟಿಸಿ ಬಿಡುವವರೇ ಜಾಸ್ತಿ. ಗೇರ್‌ಬಾಕ್ಸ್‌ಗೆ ಅಷ್ಟು ಸಾಕು. ಇಲ್ಲಿ ಸಾಲದು. 60 ಹಲ್ಲಿನ ಚಕ್ರ, ಒಂದು ಸೆಕೆಂಡಿನ ಗೇಟ್ (ಎಣಿಸುವ ಅವಧಿ) ಅಂದರೆ ಪಲ್ಸ್ ಎಣಿಕೆಯೇ ಆರ್‌ಪಿಎಂ. ಓದಲು ಸುಲಭ. ಮುಂದೆ ಲೆಕ್ಕದಲ್ಲಿ ಬರುವ ಉದಾಹರಣೆಯ ಹಾಗೆ 738 ಆರ್‌ಪಿಎಂ ಇದ್ದಾಗ ಒಂದು ಪಲ್ಸ್ ಆಚೀಚೆ ಆದರೆ 0.14 ಪರ್ಸೆಂಟ್ ತಪ್ಪು. ಅಲ್ಲಿ ಕ್ರೀಪ್ ಇರುವುದೇ 1.6 ಪರ್ಸೆಂಟ್. ಹತ್ತನೇ ಒಂದು ಭಾಗ ಅಲ್ಲೇ ಹೋಯಿತು. ಒಂದು ಸುತ್ತಿಗೆ 1024 ಪಲ್ಸ್ ಕೊಡುವ ಎನ್‌ಕೋಡರ್ ಎರಡು ತಂದು ಹಾಕಿ. ಬೆಂಗಳೂರಿನ ಎಸ್.ಪಿ. ರೋಡ್ ಸುತ್ತಿದರೆ ಸಿಗುತ್ತವೆ.

ಎರಡೂ ಶಾಫ್ಟನ್ನು ಒಂದೇ ಗೇಟಿನಲ್ಲಿ ಎಣಿಸಬೇಕು, ಇದು ಮುಖ್ಯ. ಇನ್‌ಪುಟ್ಟನ್ನು ಈಗ ಓದಿ ಔಟ್‌ಪುಟ್ಟನ್ನು ಎರಡು ಸೆಕೆಂಡ್ ಬಿಟ್ಟು ಓದಿದರೆ ಆಗಲಿಲ್ಲ. ನಡುವೆ ವೋಲ್ಟೇಜ್ ಒಂದಿಷ್ಟು ಇಳಿದಿರುತ್ತದೆ, ಮೋಟರ್ ಒಂದಿಷ್ಟು ನಿಧಾನವಾಗಿರುತ್ತದೆ. ಅದೂ ಕ್ರೀಪ್ ಲೆಕ್ಕಕ್ಕೆ ಸೇರಿಬಿಡುತ್ತದೆ. ಹತ್ತು ಸೆಕೆಂಡ್ ಗೇಟ್ ಇಟ್ಟು, ಎರಡೂ ಕೌಂಟರ್ ಒಟ್ಟಿಗೆ ಶುರುವಾಗಿ ಒಟ್ಟಿಗೆ ನಿಲ್ಲುವ ಹಾಗೆ ಮಾಡಿ.

ಇನ್ನು ಸೊನ್ನೆ ಕ್ರೀಪಿನ ರೇಶಿಯೋ. ಡ್ರಾಯಿಂಗ್‌ನಲ್ಲಿ 2.000 ಅಂತ ಇದ್ದರೆ ಅದನ್ನು ನಂಬಬೇಡಿ. ಒತ್ತಿದಾಗ ಡಿಸ್ಕು, ರೋಲರು ಮುಟ್ಟುವ ಜಾಗ ಡ್ರಾಯಿಂಗಿಗಿಂತ ಚೂರು ಆಚೀಚೆ ಆಗಿರುತ್ತದೆ. ಡಿಸ್ಕು, ರೋಲರನ್ನು ಒತ್ತಿ ಹಿಡಿಯುವ ಕ್ಲಾಂಪ್ ಒತ್ತಡ ಕೊಟ್ಟು, ಲೋಡ್ ಇಲ್ಲದೆ ಓಡಿಸಿ ರೇಶಿಯೋ ಅಳೆಯಬೇಕು. ಲೋಡ್ ಇಲ್ಲದೆ ಅಂದರೂ ಔಟ್‌ಪುಟ್ ಬೇರಿಂಗು, ಬ್ರೇಕು ಸ್ವಲ್ಪ ಎಳೆಯುತ್ತವೆ. ಹಾಗಾಗಿ ಸಣ್ಣ ಸಣ್ಣ ಲೋಡಿನಲ್ಲಿ ನಾಲ್ಕೈದು ರೀಡಿಂಗ್ ತೆಗೆದು ಗ್ರಾಫಿನಲ್ಲಿ ಗೆರೆ ಎಳೆದು ಸೊನ್ನೆ ಟಾರ್ಕಿಗೆ ತನ್ನಿ. ಲೋಡ್ ಮೋಟರ್ ಇದ್ದವರು ಎರಡೂ ದಿಕ್ಕಿನಿಂದ ತಳ್ಳಿ ನೋಡಬಹುದು. ಗೆರೆ ಸೊನ್ನೆಯನ್ನು ದಾಟಿ ಹೋಗುತ್ತದೆ, ರೇಶಿಯೋ ಇನ್ನೂ ಪಕ್ಕಾ ಸಿಗುತ್ತದೆ.

ಎಣ್ಣೆ, ಬಿಸಿ

ಟ್ರಾಕ್ಷನ್ ಎಣ್ಣೆಯೇ ಬೇರೆ. ಮಾಮೂಲಿ ಮಿನರಲ್ ಎಣ್ಣೆಯಲ್ಲಿ ಟ್ರಾಕ್ಷನ್ ಗುಣಾಂಕ (ಒತ್ತುವ ಬಲದಲ್ಲಿ ಎಷ್ಟು ಪಾಲು ಎಳೆಯುವ ಬಲವಾಗಿ ದಾಟುತ್ತದೆ ಅನ್ನುವ ಅಂಕಿ) ಹೆಚ್ಚೆಂದರೆ 0.05, 0.06ರ ಆಸುಪಾಸು. ಟ್ರಾಕ್ಷನ್ ಎಣ್ಣೆಯಲ್ಲಿ 0.1ರ ಹತ್ತಿರ ಹೋಗುತ್ತದೆ. ಗೇರ್ ಆಯಿಲ್ ಇದೆ ಅಂತ ಅದನ್ನೇ ಸುರಿಯಬೇಡಿ. ಪಂಪಿನಲ್ಲಿ, ಪೈಪಿನಲ್ಲಿ ಹಳೆಯ ಹೈಡ್ರಾಲಿಕ್ ಎಣ್ಣೆ ಉಳಿದಿದ್ದರೂ ಹಿಡಿತ ಕಮ್ಮಿಯಾಗುತ್ತದೆ. ಮೊದಲು ಪೂರ್ತಿ ಫ್ಲಶ್ ಮಾಡಿ. ಫ್ಲಶ್ ಮಾಡಿದ ಎಣ್ಣೆಯನ್ನು ಮತ್ತೆ ಡಬ್ಬಕ್ಕೆ ಸುರಿಯಬೇಡಿ. ದುಬಾರಿ ಎಣ್ಣೆ ಅಂತ ಕೈ ಹಿಂದೆ ಬರುತ್ತದೆ, ಗೊತ್ತು.

ಬಿಸಿಯಾದಷ್ಟೂ ಹಿಡಿತ ಇಳಿಯುತ್ತದೆ. ತಣ್ಣಗಿದ್ದಷ್ಟೂ ಎಣ್ಣೆ ಗಟ್ಟಿ, ಸುಮ್ನೆ ತಿರುಗಿಸುವುದಕ್ಕೇ ಟಾರ್ಕ್ ಜಾಸ್ತಿ ತಿನ್ನುತ್ತದೆ. ಆದ್ದರಿಂದ ಜಾರುವ ಪರೀಕ್ಷೆಯನ್ನು ಬಿಸಿ ಎಣ್ಣೆಯಲ್ಲಿ ಮಾಡಬೇಕು, ಡ್ರ್ಯಾಗ್ ಪರೀಕ್ಷೆಯನ್ನು ತಣ್ಣನೆ ಎಣ್ಣೆಯಲ್ಲೂ ಮಾಡಬೇಕು. ನಾನು 40, 60, 80, 100 ಡಿಗ್ರಿಗಳಲ್ಲಿ ಮಾಡುತ್ತೇನೆ. ಒಳಗೆ ಹೋಗುವ ಎಣ್ಣೆಗೆ ಒಂದು ಸೆನ್ಸರ್, ಹೊರಗೆ ಬರುವುದಕ್ಕೆ ಒಂದು, ಡ್ರೈವಿನ ಡಬ್ಬದ ಮೈಗೆ ಒಂದು. ಇನ್‌ಫ್ರಾರೆಡ್ ಗನ್ ಹಿಡಿದು ಡಿಸ್ಕಿನ ಬಿಸಿ ನೋಡಲು ಹೋಗಬೇಡಿ. ಕನ್ನಡಿಯಂಥ ಉಕ್ಕಿನ ಮೇಲೆ ಅದು ಕಮ್ಮಿಯೇ ತೋರಿಸುತ್ತದೆ.

ಪ್ರತಿ ಪಾಯಿಂಟಿನಲ್ಲೂ ಹೊರಗೆ ಬರುವ ಎಣ್ಣೆಯ ಬಿಸಿ ಹತ್ತು ನಿಮಿಷದಲ್ಲಿ ಒಂದು ಡಿಗ್ರಿಗಿಂತ ಕಮ್ಮಿ ಬದಲಾಗುವವರೆಗೆ ಕಾಯಿರಿ. ಬೆಳಗ್ಗೆ ಮೊದಲ ಸಲ 80ಕ್ಕೆ ತರುವ ಹೊತ್ತಿಗೆ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದು ಬರಬಹುದು. ಹೀಟರ್ ಆನ್ ಮಾಡಿ ಒಬ್ಬರನ್ನು ಕಾವಲಿಗೆ ಬಿಟ್ಟು ಹೋಗಿ, ಅಷ್ಟೇ.

ಎಣ್ಣೆಯ ಬಿಸಿಯಿಂದ ಇನ್ನೊಂದು ಲಾಭ ಇದೆ. ನಷ್ಟ ಎಲ್ಲಾ ಬಿಸಿಯೇ ಅಲ್ವಾ? ನಿಮಿಷಕ್ಕೆ 4 ಲೀಟರ್ ಎಣ್ಣೆ ಹರಿಯುತ್ತಿದ್ದರೆ ಒಂದು ಡಿಗ್ರಿ ಏರಿಕೆಗೆ ಸುಮಾರು 117 ವಾಟ್ ಹೊತ್ತುಕೊಂಡು ಹೋಗುತ್ತದೆ. ಎರಡು ಡಿಗ್ರಿ ಏರಿದರೆ 234 ವಾಟ್. ಉಳಿದದ್ದು ಡಬ್ಬದ ಮೈಯಿಂದ ಗಾಳಿಗೆ ಹೋಗುತ್ತದೆ. ಟಾರ್ಕಿನಿಂದ ಲೆಕ್ಕ ಹಾಕಿದ ನಷ್ಟಕ್ಕಿಂತ ಎಣ್ಣೆ ಹೊತ್ತ ಬಿಸಿಯೇ ಜಾಸ್ತಿ ಬಂದರೆ ಟಾರ್ಕ್ ರೀಡಿಂಗ್ ಸುಳ್ಳು ಹೇಳುತ್ತಿದೆ. ಮತ್ತೆ ಸೊನ್ನೆಯಿಂದ ಶುರು ಮಾಡಿ.

ಲೆಕ್ಕ

ಲೆಕ್ಕಕ್ಕೆ ಅಂತ ಒಂದು ಉದಾಹರಣೆ. ಸೊನ್ನೆ ಕ್ರೀಪಿನ ರೇಶಿಯೋ 2. ಇನ್‌ಪುಟ್ 1500 ಆರ್‌ಪಿಎಂ, 40 ನ್ಯೂಟನ್ ಮೀಟರ್. ಔಟ್‌ಪುಟ್ 738 ಆರ್‌ಪಿಎಂ, 75.6 ನ್ಯೂಟನ್ ಮೀಟರ್.

ಕ್ರೀಪ್ ಇಲ್ಲದಿದ್ದರೆ ಔಟ್‌ಪುಟ್ 750 ಇರಬೇಕಿತ್ತು. 738 ಭಾಗಿಸು 750, ಅಂದರೆ 98.4 ಪರ್ಸೆಂಟ್. ಇದು ವೇಗದ ಎಫಿಶಿಯೆನ್ಸಿ. ನಷ್ಟವಿಲ್ಲದಿದ್ದರೆ ಟಾರ್ಕ್ 80 ಇರಬೇಕಿತ್ತು. 75.6 ಭಾಗಿಸು 80, ಅಂದರೆ 94.5 ಪರ್ಸೆಂಟ್. ಇದು ಟಾರ್ಕಿನದು. ಗುಣಿಸಿದರೆ 93. ಒಳಗೆ ಹೋದದ್ದು ಸುಮಾರು 6283 ವಾಟ್, ಹೊರಗೆ ಬಂದದ್ದು 5843. ನಷ್ಟ 440 ವಾಟ್. ಅದರಲ್ಲಿ ಕ್ರೀಪ್ ತಿಂದದ್ದು 95ರ ಆಸುಪಾಸು. ಉಳಿದ 345 ವಾಟ್ ಬೇರಿಂಗು, ಸೀಲು, ಎಣ್ಣೆ ಕಲಕುವುದು, ಮತ್ತೆ ಸ್ಪಿನ್. ಸ್ಪಿನ್ ಅಂದರೆ ಡಿಸ್ಕು, ರೋಲರು ಮುಟ್ಟುವ ಪುಟ್ಟ ಜಾಗ ಉರುಳುತ್ತಲೇ ತನ್ನ ಸುತ್ತ ತಾನು ತಿರುಚಿಕೊಳ್ಳುವುದು. ಅದು ಡ್ರೈವಿನ ಆಕಾರದಿಂದಲೇ ಬರುವ ನಷ್ಟ.

ಈ ಎರಡು ನಂಬರ್ ಬೇರೆ ಬೇರೆ ಇಟ್ಟುಕೊಂಡರೆ ಏನು ಲಾಭ ಅನ್ನುವುದು ಕ್ಲಾಂಪ್ ಒತ್ತಡ ಬದಲಾಯಿಸಿದಾಗ ಗೊತ್ತಾಗುತ್ತದೆ. ಇಡೀ ಟೆಸ್ಟಿನಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದೇ. ಉದಾಹರಣೆಗೆ 40 ನ್ಯೂಟನ್ ಮೀಟರ್ ಟಾರ್ಕು, ಉರುಳುವ ತ್ರಿಜ್ಯ 50 ಮಿಲಿಮೀಟರ್. ಅಂಚಿನಲ್ಲಿ ದಾಟಬೇಕಾದ ಬಲ 800 ನ್ಯೂಟನ್. ಗುಣಾಂಕ 0.06ರಲ್ಲಿ ಕೆಲಸ ಮಾಡಿಸಬೇಕು ಅಂದರೆ ಒತ್ತುವ ಬಲ 13,333 ನ್ಯೂಟನ್. ಅಂದರೆ ಒಂದೂಕಾಲು ಟನ್ನಿಗೂ ಜಾಸ್ತಿ, ಇಷ್ಟು ಸಣ್ಣ ಡ್ರೈವಿಗೆ! ಆ ಭಾರವನ್ನೆಲ್ಲ ಬೇರಿಂಗ್ ಹೊರಬೇಕು. ಹಾಗಾಗಿ ಜಾಸ್ತಿ ಒತ್ತಿದರೆ ಕ್ರೀಪ್ ಕಮ್ಮಿ, ಟಾರ್ಕ್ ನಷ್ಟ ಜಾಸ್ತಿ. ಕಮ್ಮಿ ಒತ್ತಿದರೆ ಟಾರ್ಕಿನ ಎಫಿಶಿಯೆನ್ಸಿ ಏರುತ್ತದೆ, ವೇಗದ್ದು ಇಳಿಯುತ್ತದೆ.

ಲೋಡನ್ನು ಒಂದೇ ಇಟ್ಟು ಕ್ಲಾಂಪ್ ಒತ್ತಡವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾ ಬನ್ನಿ. ಎರಡೂ ಗೆರೆಯನ್ನು ಒಂದೇ ಹಾಳೆಯಲ್ಲಿ ಎಳೆಯಿರಿ. ಗುಣಿಸಿದ ಗೆರೆ ನಡುವೆ ಎಲ್ಲೋ ಒಂದು ಕಡೆ ಎತ್ತರಕ್ಕೆ ಹೋಗಿ ಬೀಳುತ್ತದೆ. ಬರೀ ಗುಣಿಸಿದ ಗೆರೆ ನೋಡುವವರು ಆ ಎತ್ತರದ ಜಾಗವನ್ನೇ ಒಳ್ಳೆಯದು ಅಂತ ಆರಿಸುತ್ತಾರೆ. ಕ್ರೀಪಿನ ಗೆರೆ ನೋಡಿದರೆ ಗೊತ್ತಾಗುತ್ತದೆ, ಆ ಎತ್ತರ ಎಷ್ಟೋ ಸಲ ಜಾರುವ ಅಂಚಿನ ಪಕ್ಕದಲ್ಲೇ ಇರುತ್ತದೆ ಅಂತ. ನಾನಾದರೆ ಅರ್ಧ ಪರ್ಸೆಂಟ್ ಬಿಟ್ಟುಕೊಟ್ಟು ಜಾಸ್ತಿ ಒತ್ತಡದ ಕಡೆ ಸರಿಯುತ್ತೇನೆ. ಟಾರ್ಕಿಗೆ ತಕ್ಕ ಹಾಗೆ ತಾನೇ ಒತ್ತುವ ಲೋಡಿಂಗ್ ಕ್ಯಾಮ್ ಇದ್ದರೆ ಈ ಕಷ್ಟ ಕಮ್ಮಿ. ಆದರೂ ಕಮ್ಮಿ ಲೋಡಿನಲ್ಲಿ ಸ್ಪ್ರಿಂಗಿನ ಮೊದಲ ಒತ್ತಡ ಎಷ್ಟು ತಿನ್ನುತ್ತಿದೆ ಅಂತ ನೋಡಲೇಬೇಕು.

ಜಾರುವ ಮಿತಿ ಹುಡುಕುವಾಗ ಕ್ಲಾಂಪ್ ಒತ್ತಡ ಒಂದೇ ಇಟ್ಟು ಟಾರ್ಕನ್ನು ಸಣ್ಣ ಹೆಜ್ಜೆಯಲ್ಲಿ ಏರಿಸಿ. ಮೊದಮೊದಲು ಟಾರ್ಕ್ ಏರಿದಷ್ಟೇ ಕ್ರೀಪ್ ಏರುತ್ತದೆ, ನೇರ ಗೆರೆ. ಒಂದು ಹಂತದಲ್ಲಿ ಗೆರೆ ಬಾಗುತ್ತದೆ. ಒಂದು ಹೆಜ್ಜೆಗೆ ಏರುವ ಕ್ರೀಪ್ ಮೊದಲಿನದರ ಎರಡರಷ್ಟಾದರೆ ಅಲ್ಲಿಗೆ ನಿಲ್ಲಿಸುವುದು ನನ್ನ ಪದ್ಧತಿ. ತುದಿ ದಾಟಿಸಿ ನೋಡುವ ಆಸೆ ಬೇಡ. ದಾಟಿದರೆ ಎಣ್ಣೆ ಬಿಸಿಯಾಗುತ್ತದೆ, ಹಿಡಿತ ಇನ್ನೂ ಇಳಿಯುತ್ತದೆ, ಇನ್ನೂ ಜಾರುತ್ತದೆ. ಕ್ಷಣದಲ್ಲಿ ಡಿಸ್ಕಿನ ಮೈ ಸುಟ್ಟು ಗೀರು ಬೀಳುತ್ತದೆ. ಕೈಯಲ್ಲಿ ಆಫ್ ಮಾಡುವಷ್ಟು ಪುರುಸೊತ್ತು ಸಿಗುವುದಿಲ್ಲ. ಕ್ರೀಪ್ ಇಂತಿಷ್ಟು ದಾಟಿದರೆ ಮೊದಲು ಲೋಡ್ ತಾನೇ ಕಳಚಿಕೊಳ್ಳುವ ಹಾಗೆ ಟ್ರಿಪ್ ಇಟ್ಟುಕೊಂಡಿರಿ. ಲೋಡ್ ಕಳಚುವ ಮುಂಚೆ ಕ್ಲಾಂಪ್ ಬಿಡುವ ಹಾಗೆ ಮಾತ್ರ ವೈರಿಂಗ್ ಮಾಡಬೇಡಿ.

101 ಪರ್ಸೆಂಟ್ ಬಂದಾಗ

ಒಬ್ಬ ಹುಡುಗ ಓಡಿ ಬಂದು, "ಸಾರ್, ಟಾರ್ಕ್ ಎಫಿಶಿಯೆನ್ಸಿ 101 ಬರ್ತಿದೆ!" ಅಂದ. ಒಟ್ಟು ಎಷ್ಟು ಅಂದೆ. 95 ಅಂದ. ಸೊನ್ನೆ ಸರಿ ಇತ್ತು, ಕ್ಯಾಲಿಬ್ರೇಶನ್ ಸರಿ ಇತ್ತು. "ಹಾಗಾದರೆ ವೇಗ 6 ಪರ್ಸೆಂಟ್ ಬಿದ್ದಿದೆ. ಅದು ಪೂರ್ತಿ ಕ್ರೀಪ್ ಅಲ್ಲಪ್ಪ, ನಿನ್ನ ಬ್ರಾಕೆಟ್ ಬಗ್ಗುತ್ತಿದೆ" ಅಂದೆ.

ವೇರಿಯೇಟರುಗಳಲ್ಲಿ ಇದು ಮಾಮೂಲು. ಲೋಡ್ ಬಿದ್ದಾಗ ರೋಲರ್ ಹಿಡಿದಿರುವ ಬ್ರಾಕೆಟ್, ಅಂದರೆ ಕ್ಯಾರಿಯರ್, ಕೂದಲೆಳೆಯಷ್ಟು ಸರಿಯುತ್ತದೆ. ರೋಲರಿನ ಓರೆ ಬದಲಾಗುತ್ತದೆ, ರೇಶಿಯೋ ನಿಜವಾಗಿಯೇ ಬದಲಾಗುತ್ತದೆ. ವೇಗ ಇಳಿದರೂ ಪವರ್ ನಷ್ಟ ಆಗಿಲ್ಲ, ಟಾರ್ಕ್ ಅಷ್ಟೇ ಏರಿದೆ. ಅದನ್ನು ಕ್ರೀಪ್ ಅಂತ ಬರೆದರೆ ವೇಗದ ನಂಬರ್ ಸುಮ್ನೆ ಕೆಳಗೆ ಬೀಳುತ್ತದೆ, ಟಾರ್ಕಿನ ನಂಬರ್ ಸುಮ್ನೆ ಮೇಲೆ ಹೋಗುತ್ತದೆ. ಗುಣಲಬ್ಧ ಮಾತ್ರ ಸರಿಯಾಗಿಯೇ ಇರುತ್ತದೆ. ಒಂದೇ ನಂಬರ್ ಬರೆಯುವವರಿಗೆ ಇದು ಗೊತ್ತೇ ಆಗುವುದಿಲ್ಲ.

ಮಷೀನ್ ನಿಲ್ಲಿಸಿ ಇನ್‌ಪುಟ್ ಶಾಫ್ಟ್ ಲಾಕ್ ಮಾಡಿದೆವು. ಕ್ಲಾಂಪ್ ಒತ್ತಡ ಹಾಗೇ ಇಟ್ಟು, ಔಟ್‌ಪುಟ್ಟಿಗೆ ಕ್ಯಾಲಿಬ್ರೇಶನ್ ತೋಳು ಕಟ್ಟಿ ಬಟ್ಟು ನೇತು ಹಾಕಿದೆವು. ಡಯಲ್ ಗೇಜಿನ ಮುಳ್ಳನ್ನು ಕ್ಯಾರಿಯರ್ ಮೇಲೆ ಇಟ್ಟಿದ್ದೆ. ಒಂದೊಂದು ಬಟ್ಟು ಹಾಕಿದಾಗಲೂ ಡಯಲ್ ಸರಿಯಿತು, ತೆಗೆದಾಗ ವಾಪಸ್ ಬಂತು. ಹುಡುಗ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ನೀವು ಮಾಡಬೇಕಾದದ್ದೂ ಇಷ್ಟೇ. ಸರಿಯುವುದು ಕಂಡರೆ ಒಂದೋ ಕ್ಯಾರಿಯರ್ ಗಟ್ಟಿ ಮಾಡಿ, ಇಲ್ಲ ಅದರ ಕೋನಕ್ಕೆ ಒಂದು ಸೆನ್ಸರ್ ಹಾಕಿ, ಆ ಕೋನದಿಂದ ನಿಜವಾದ ರೇಶಿಯೋ ಲೆಕ್ಕ ಹಾಕಿ, ಅದರ ಮೇಲೆ ಕ್ರೀಪ್ ತೆಗೆಯಿರಿ.

ಎರಡು ಡ್ರೈವ್ ಸಿಕ್ಕಿದರೆ ಬೆನ್ನಿಗೆ ಬೆನ್ನು ಕೂರಿಸಿ, ನಷ್ಟದಷ್ಟೇ ಪವರ್ ಕೊಡುವ ಟೆಸ್ಟ್ ಮಾಡಬಹುದು. ಗೇರ್‌ಬಾಕ್ಸ್‌ನವರು ಅದನ್ನೇ ಮಾಡುತ್ತಾರೆ. ಶಾಫ್ಟನ್ನು ತಿರುಚಿ ಬೋಲ್ಟ್ ಹಾಕಿದರೆ ಟಾರ್ಕ್ ಒಳಗೇ ಸುತ್ತುತ್ತಿರುತ್ತದೆ. ಟ್ರಾಕ್ಷನ್ ಡ್ರೈವ್‌ನಲ್ಲಿ ಆ ತಿರುಚು ನಿಲ್ಲುವುದಿಲ್ಲ. ತಿರುಗಲು ಶುರುವಾದ ಕೂಡಲೇ ಕ್ರೀಪ್ ಅದನ್ನು ಬಿಚ್ಚಿಬಿಡುತ್ತದೆ. ಇಲ್ಲಿ ಎರಡು ಡ್ರೈವಿನ ರೇಶಿಯೋದಲ್ಲಿ ಬೇಕಂತಲೇ ಚೂರು ವ್ಯತ್ಯಾಸ ಇಡಬೇಕು. ಆ ವ್ಯತ್ಯಾಸವೇ ಕ್ರೀಪ್ ಹುಟ್ಟಿಸುತ್ತದೆ, ಕ್ರೀಪ್ ಟಾರ್ಕ್ ಹುಟ್ಟಿಸುತ್ತದೆ. ವ್ಯತ್ಯಾಸ ಒಂದು ಚೂರು ಜಾಸ್ತಿಯಾದರೆ ಎರಡೂ ಡ್ರೈವ್ ಒಟ್ಟಿಗೆ ಜಾರುತ್ತವೆ. ಹೊಸಬರಿಗೆ ನಾನು ಇದನ್ನು ಹೇಳುವುದಿಲ್ಲ.

ಬರೆಯುವಾಗ

ಪಾಯಿಂಟುಗಳನ್ನು ಕಮ್ಮಿಯಿಂದ ಜಾಸ್ತಿಗೆ ಸಾಲಾಗಿ ಮಾಡಬೇಡಿ, ಕಲಸಿ ಮಾಡಿ. ಸಾಲಾಗಿ ಮಾಡಿದರೆ ಎಣ್ಣೆ ಬಿಸಿಯಾಗುತ್ತಾ ಹೋದದ್ದೂ ಲೋಡಿನ ಪರಿಣಾಮ ಅನ್ನಿಸಿಕೊಳ್ಳುತ್ತದೆ. ಕೊನೆಗೆ ಮೊದಲ ಪಾಯಿಂಟನ್ನೇ ಮತ್ತೊಮ್ಮೆ ಮಾಡಿ. ಹೊಂದದಿದ್ದರೆ ಡ್ರೈವ್ ಬಿಚ್ಚಿ ಭೂತಗನ್ನಡಿಯಲ್ಲಿ ಡಿಸ್ಕಿನ ಉರುಳಿದ ಪಟ್ಟಿ ನೋಡಿ. ಮಂಕಾದ ಪಟ್ಟಿ ಇದ್ದರೆ ಪರವಾಗಿಲ್ಲ. ಉರುಳುವ ದಿಕ್ಕಿನಲ್ಲಿ ಉಗುರಿಗೆ ತಾಗುವ ಗೀರು ಇದ್ದರೆ ಆ ದಿನದ ರೀಡಿಂಗ್ ಎಲ್ಲಾ ಪಕ್ಕಕ್ಕಿಡಿ.

ರಿಪೋರ್ಟಿನಲ್ಲಿ ವೇಗದ್ದು, ಟಾರ್ಕಿನದು, ಗುಣಿಸಿದ್ದು, ಮೂರೂ ಕಾಲಂ ಇರಲಿ. ಪಕ್ಕದಲ್ಲಿ ಎಣ್ಣೆಯ ಬಿಸಿ, ಕ್ಲಾಂಪ್ ಒತ್ತಡ. ಪಂಪಿನ ಪವರ್ ಸೇರಿಸಿದ್ದೀರಾ ಬಿಟ್ಟಿದ್ದೀರಾ ಅನ್ನುವುದನ್ನು ದಪ್ಪಕ್ಷರದಲ್ಲಿ ಬರೆಯಿರಿ. ಕ್ಲಾಂಪಿಗೆ 30 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 4 ಲೀಟರ್ ಎಣ್ಣೆ ತಳ್ಳುವುದಕ್ಕೇ 200 ವಾಟ್ ಬೇಕು. ಮೇಲಿನ ಉದಾಹರಣೆಯ 440 ವಾಟಿನ ಪಕ್ಕ ಇಟ್ಟು ನೋಡಿ. ಅದನ್ನು ಸೇರಿಸಿದರೆ 93 ಅನ್ನುವುದು 90 ಆಗುತ್ತದೆ. ಕ್ಯಾಟಲಾಗಿನಲ್ಲಿ ಒಳ್ಳೆ ನಂಬರ್ ಕಂಡಾಗ ನಾನು ಮೊದಲು ಕೇಳುವ ಪ್ರಶ್ನೆ ಇದೇ. ಎರಡನೆಯದು, ಎಣ್ಣೆ ಯಾವುದು, ಅದು ಆಗಲೇ ಎಷ್ಟು ಗಂಟೆ ಓಡಿತ್ತು ಅಂತ.